ಬೋಟಿನ ಅಡಿಗೆ ಪೇಂಟ್: ಯಾವುದು ತಗೋಬೇಕು, ಹೇಗೆ ಬಳಿಯಬೇಕು

ಜೂನ್ 1ರಿಂದ ಜುಲೈ 31ರವರೆಗೆ, ಒಟ್ಟು 61 ದಿನ, ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ರಜೆ. ಮಲ್ಪೆಯಲ್ಲಿ ಅಡಿಗೆ ಪೇಂಟ್ ಬಳಿಯಲು ನಮಗೆ ಸಿಗುವುದು ಇದೇ ಸಮಯ. ಹಾಳಾದ್ದು, ಪೇಂಟ್ ಒಣಗದ ತಿಂಗಳುಗಳೂ ಇವೇ!

ಅಡಿಯಲ್ಲಿ ಪಾಚಿ, ಚಿಪ್ಪು ಕೂತರೆ ಎಂಜಿನ್ ಎಷ್ಟು ಕೂಗಿದರೂ ಬೋಟು ಮುಂದೆ ಹೋಗುವುದಿಲ್ಲ. ಡೀಸೆಲ್ ಮಾತ್ರ ಚೆನ್ನಾಗಿ ಕುಡಿಯುತ್ತದೆ. ಇವು ಕೂರದಂತೆ ತಡೆಯುವ ಆಂಟಿಫೌಲಿಂಗ್ ಪೇಂಟ್‌ನಲ್ಲಿ ಸಾಮಾನ್ಯವಾಗಿ ಇರುವುದು ತಾಮ್ರದ ಆಕ್ಸೈಡ್. ತಾಮ್ರ ಸ್ವಲ್ಪ ಸ್ವಲ್ಪವೇ ನೀರಿಗೆ ಬಿಡುತ್ತಾ ಇದ್ದರೆ ಚಿಪ್ಪಿನ ಮರಿಗಳು ಅಂಟಿಕೊಳ್ಳುವುದಿಲ್ಲ. ಮೊದಲು ಟಿಬಿಟಿ ಅಂತ ತವರದ ಪೇಂಟ್ ಇತ್ತು. ಅದು ಸಮುದ್ರದ ಸಿಂಪಿ, ಶಂಖದ ಹುಳಗಳನ್ನೇ ಕೆಡಿಸುತ್ತಿತ್ತು. ಅದನ್ನು ನಿಷೇಧಿಸುವ ಅಂತಾರಾಷ್ಟ್ರೀಯ ಒಪ್ಪಂದ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಹಳೇ ಡಬ್ಬ ಯಾರಾದರೂ ಪುಕ್ಕಟೆ ಕೊಟ್ಟರೂ ಮುಟ್ಟಬೇಡಿ.

ಈಗ ಆಯ್ಕೆ. ದಿನಾ ದಡಕ್ಕೆ ಎಳೆಯುವ ನಾಡದೋಣಿಗೆ ಈ ಪೇಂಟಿನ ಗೊಡವೆಯೇ ಬೇಡ, ಸುಮ್ನೆ ದುಡ್ಡು ದಂಡ. ನೀರಲ್ಲೇ ನಿಲ್ಲುವ ಟ್ರಾಲ್‌ಬೋಟಿಗೆ ನನ್ನ ಓಟು ಕರಗುವ ಬಗೆಗೆ. ಬೋಟು ಓಡಿದಂತೆ ಮೇಲಿನ ಪದರ ಸವೆದು ಹೊಸ ತಾಮ್ರ ಹೊರಗೆ ಬರುತ್ತದೆ, ವರ್ಷ ವರ್ಷ ಪದರದ ಮೇಲೆ ಪದರ ಕೂರುವುದೂ ಇಲ್ಲ. ಗಟ್ಟಿ ಬಗೆಯದು ಜೋರಾಗಿ ಓಡುವ ಬೋಟುಗಳಿಗೆ ಸರಿ. ಆದರೆ ತುಂಬಾ ದಿನ ಹೊರಗೆ ಒಣಗಿದರೆ ಅದರ ಶಕ್ತಿ ಹೋಗುತ್ತದೆ. ಮಳೆಗಾಲವಿಡೀ ಮೇಲೆ ಕೂರುವ ನಮ್ಮ ಬೋಟಿಗೆ ಅದು ಯಾಕೆ, ಅಲ್ವಾ?

ಹಳೇ ಪೇಂಟ್ ಯಾವುದು ಅಂತಲೂ ಗೊತ್ತಿರಬೇಕು. ಗಟ್ಟಿಯದರ ಮೇಲೆ ಕರಗುವ ಬಗೆಯದು ಬಳಿದರೆ ಹಿಡಿದು ನಿಲ್ಲುತ್ತದೆ, ಕರಗುವುದರ ಮೇಲೆ ಗಟ್ಟಿಯದು ಬಳಿದರೆ ಹಪ್ಪಳದ ಹಾಗೆ ಎದ್ದು ಬರುತ್ತದೆ. ಏನಿದೆಯೋ ಗೊತ್ತಿಲ್ಲದಿದ್ದರೆ ಮಧ್ಯೆ ಒಂದು ಟೈ ಕೋಟ್, ಅಂದರೆ ಹಳೇದು ಹೊಸದನ್ನು ಅಂಟಿಸಿ ಹಿಡಿಯುವ ಪದರ, ಹಾಕಿ. ಸ್ಟೀಲ್ ಬೋಟಿಗೆ ಮೊದಲು ಎಪಾಕ್ಸಿ ಪ್ರೈಮರ್ ಬೇಕೇ ಬೇಕು. ತಾಮ್ರ ನೇರ ಕಬ್ಬಿಣಕ್ಕೆ ತಾಗಬಾರದು. ಅಲ್ಯೂಮಿನಿಯಮ್ಮಿಗಂತೂ ತಾಮ್ರದ ಆಕ್ಸೈಡ್ ಪೇಂಟೇ ಬೇಡ, ತೂತು ಬೀಳುತ್ತದೆ. ಹಿರಿಯರು ಮರದ ದೋಣಿಗೆ ಹಚ್ಚುತ್ತಿದ್ದ ಗೇರು ಸಿಪ್ಪೆಯ ಎಣ್ಣೆ ಮರವನ್ನು ಕಾಯುತ್ತದೆ, ನಿಜ. ಹತ್ತು ತಿಂಗಳು ನೀರಲ್ಲಿರುವ ಬೋಟಿಗೆ ಅದೊಂದೇ ಸಾಲದು. ಎಣ್ಣೆ ಜಿಡ್ಡಿನ ಮೇಲೆ ಪೇಂಟೂ ಹಿಡಿಯುವುದಿಲ್ಲ.

ಎಷ್ಟು ಬೇಕು? ನೀರಿನ ಗೆರೆಯ ಉದ್ದವನ್ನು, ಅಗಲ ಮತ್ತು ನೀರೊಳಗಿನ ಆಳ ಕೂಡಿಸಿ ಗುಣಿಸಿ. 12 ಮೀಟರ್ ಉದ್ದ, 4 ಅಗಲ, ಒಂದೂವರೆ ಆಳ ಅಂದರೆ 66 ಚದರ ಮೀಟರ್. ಲೀಟರಿಗೆ ಸುಮಾರು 8 ಚದರ ಮೀಟರ್ ಹಿಡಿದರೆ ಎರಡು ಕೋಟು ಬಳಿಯಲು ಹದಿನಾರೂವರೆ ಲೀಟರ್. 20 ಲೀಟರ್ ತನ್ನಿ.

ಬೋಟು ಮೇಲೆ ಬಂದ ದಿನವೇ ಕೆರೆಯಲು ಶುರು ಮಾಡಿ. ಹಸಿ ಇದ್ದಾಗ ಚಿಪ್ಪು ಸಲೀಸಾಗಿ ಬರುತ್ತದೆ, ಒಣಗಿತೋ, ಸಿಮೆಂಟು. ಚಿಪ್ಪು ಹಾರಿದ ಜಾಗದಲ್ಲಿ ಬಿಳಿ ಉಂಗುರದಂತೆ ಅದರ ಬುಡ ಉಳಿದಿರುತ್ತದೆ. ಬೆರಳಾಡಿಸಿದರೆ ಒರಟು ಸಿಗುತ್ತದೆ. ಕೂಲಿಯವರು ಅವಸರದಲ್ಲಿ ಬಿಡುವುದು ಇದನ್ನೇ. ಅದರ ಮೇಲೆ ಬಳಿದ ಪೇಂಟ್ ಬುಡದ ಸಮೇತ ಉದುರುತ್ತದೆ. ಉಜ್ಜುವಾಗ ನೀರು ಹಾಕಿಯೇ ಉಜ್ಜಿ, ಹಳೇ ಪೇಂಟಿನ ಧೂಳು ವಿಷ. ಮಾಸ್ಕ್, ಗ್ಲೌಸ್ ಇರಲಿ. ಕೆಳಗೆ ಟಾರ್ಪಾಲ್ ಹಾಸಿ, ಕೆರೆದದ್ದನ್ನು ಒಟ್ಟು ಮಾಡಿ. ನದಿಗೆ ತಳ್ಳಬೇಡಿ. ಆಮೇಲೆ ಸಿಹಿನೀರಲ್ಲಿ ಉಪ್ಪು ತೊಳೆಯಿರಿ.

ಇನ್ನು ಆಟಿಯ (ತುಳುನಾಡಿನ ಮಳೆಗಾಲದ ತಿಂಗಳು) ಮಳೆ. ಗಾಳಿಯ ತೇವ ಶೇಕಡಾ 85ಕ್ಕಿಂತ ಕೆಳಗೆ ಬರದೆ ಡಬ್ಬ ತೆಗೆಯಬೇಡಿ. ಮೇಲೆ ಟಾರ್ಪಾಲ್ ಕಟ್ಟಿ, ಹೊಳವಾಗುವುದನ್ನು ಕಾಯಬೇಕು. ಬೆಳಿಗ್ಗೆ ಅಡಿಗೆ ಅಂಗೈ ಇಟ್ಟಾಗ ಪಸೆ ಹತ್ತಿದರೆ ಚಹಾ ಕುಡಿದು ಬನ್ನಿ, ಆಮೇಲೆ ನೋಡೋಣ.

ಡಬ್ಬ ತೆಗೆದಾಗ ಮೇಲೆ ತಿಳಿಯಾಗಿರುತ್ತದೆ, ತಾಮ್ರವೆಲ್ಲ ತಳದಲ್ಲಿ ಕೆಸರಿನಂತೆ ಕೂತಿರುತ್ತದೆ. ಚಪ್ಪಟೆ ಕೋಲಿನಿಂದ ತಳ ಕೆರೆದು ಎತ್ತಿ ಕಲಸಿ. ಬಳಿಯುವಾಗಲೂ ಆಗಾಗ ಕಲಸುತ್ತಿರಿ. ತೆಳು ಮಾಡಲು ಸೀಮೆಎಣ್ಣೆ ಬೇಡ, ಕಂಪನಿ ಹೇಳಿದ ಥಿನ್ನರ್ ಮಾತ್ರ. ಮೊದಲ ಕೋಟು ಕಪ್ಪು, ಎರಡನೆಯದು ಕೆಂಪು ಇರಲಿ. ನೀರಿನ ಗೆರೆ, ಮೂತಿ, ಚುಕ್ಕಾಣಿಯ ಅಂಚಿಗೆ ಮೂರನೇ ಕೋಟು ಹಾಕಿ. ಬಿಸಿಲು ಬೀಳುವಲ್ಲಿ ಪಾಚಿ ಜಾಸ್ತಿ, ಅಂಚಿನಲ್ಲಿ ಸವೆತ ಜಾಸ್ತಿ. ತುಕ್ಕು ತಡೆಯಲು ಅಡಿಗೆ ಕೂರಿಸುವ ಸತುವಿನ ತುಂಡು, ಮೀನು ಹುಡುಕುವ ಫಿಶ್ ಫೈಂಡರ್‌ನ ಕಣ್ಣು, ಇವೆರಡಕ್ಕೆ ಈ ಪೇಂಟ್ ತಾಗಬಾರದು, ಟೇಪ್ ಅಂಟಿಸಿ. ಬೋಟನ್ನು ಮುಂದೆ ತಳ್ಳುವ ಫ್ಯಾನಿಗೂ (ಪ್ರೊಪೆಲರ್) ಇದು ಬೇಡ, ಉಜ್ಜಿ ನುಣುಪು ಮಾಡಿದರೆ ಸಾಕು.

ಎರಡು ಕೋಟಿನ ನಡುವೆ ಎಷ್ಟು ಗಂಟೆ, ನೀರಿಗಿಳಿಸಲು ಎಷ್ಟು ದಿನದ ಗಡುವು ಎಂಬುದು ಡಬ್ಬದ ಮೇಲಿರುತ್ತದೆ. ಹಾಗಾಗಿ ಕೆರೆಯುವುದು, ರಿಪೇರಿ ಎಲ್ಲ ಜೂನಿನಲ್ಲಿ ಮುಗಿಸಿ, ಕೊನೆಯ ಕೋಟನ್ನು ಇಳಿಸುವ ದಿನಕ್ಕೆ ಹತ್ತಿರ ಇಟ್ಟುಕೊಳ್ಳಿ. ದೀಪಾವಳಿ ಹೊತ್ತಿಗೆ ಪಾಚಿ ಕಂಡರೆ ಮೆತ್ತನೆ ಬಟ್ಟೆಯಲ್ಲಿ ಒರೆಸಿದರೆ ಸಾಕು, ತಂತಿ ಬ್ರಷ್ ಬೇಡ. ಕೆಂಪಿನ ನಡುವೆ ಕಪ್ಪು ಇಣುಕಲು ಶುರುವಾದರೆ ಮುಂದಿನ ರಜೆಗೆ ಡಬ್ಬಕ್ಕೆ ದುಡ್ಡು ತೆಗೆದಿಡಿ.