ಮಾರ್ಪಡಿಸಿದ ಹಳೆಯ ಜೀಪು ಕೊಳ್ಳುವ ಮುನ್ನ

ಚಿಕ್ಕಬಳ್ಳಾಪುರದ ಗ್ಯಾರೇಜೊಂದರ ಮುಂದೆ ಹೊಸ ಬಣ್ಣ ಬಳಿದು, ಅಗಲವಾದ ಟೈರು ತೊಡಿಸಿ ಮಾರಾಟಕ್ಕೆ ನಿಲ್ಲಿಸಿದ ಮಹೀಂದ್ರ ಸಿಜೆ-3ಬಿ ಜೀಪು ಎಷ್ಟೇ ಮನ ಸೆಳೆದರೂ, ಮೊದಲು ಅದರ ನೋಂದಣಿ ಪತ್ರವನ್ನು ಕೇಳಿ ಪಡೆಯಿರಿ. ಪತ್ರದಲ್ಲಿರುವ ಚಾಸಿ (ವಾಹನದ ಅಡಿಯ ಚೌಕಟ್ಟು) ಮತ್ತು ಎಂಜಿನ್ ಸಂಖ್ಯೆಗಳು ವಾಹನದ ಮೇಲಿನ ಸಂಖ್ಯೆಗಳೊಂದಿಗೆ ತಾಳೆಯಾಗಬೇಕು. ಮೂಲದ ಪೆಟ್ರೋಲ್ ಎಂಜಿನ್ ತೆಗೆದು ಡೀಸೆಲ್ ಎಂಜಿನ್ ಕೂರಿಸಿದ್ದರೆ, 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನಂತೆ ಆ ಬದಲಾವಣೆಗೆ ಸಾರಿಗೆ ಕಚೇರಿಯ ಅನುಮೋದನೆ ಇರಬೇಕು. ಐವತ್ತು ವರ್ಷ ದಾಟಿದ ಮಾತ್ರಕ್ಕೆ ವಿಂಟೇಜ್ (ಪುರಾತನ ವಾಹನ) ನೋಂದಣಿ ಸಿಗುತ್ತದೆಂಬ ಮಾತನ್ನು ನಂಬಬೇಡಿ. 2021ರ ನಿಯಮಗಳು ಮೂಲ ರೂಪ ಉಳಿಸಿಕೊಂಡ ವಾಹನಗಳಿಗಷ್ಟೇ ಅನ್ವಯಿಸುತ್ತವೆ.

ಬಣ್ಣಕ್ಕೆ ಮರುಳಾಗದೆ ಒಂದು ಸಣ್ಣ ಅಯಸ್ಕಾಂತವನ್ನು ಜೊತೆಗೊಯ್ಯಿರಿ. ಅದು ಅಂಟದ ಕಡೆ ತಗಡಿನ ಮೇಲೆ ತಗ್ಗು-ತೂತು ಮುಚ್ಚುವ ಪುಟ್ಟಿ ದಪ್ಪವಾಗಿ ಮೆತ್ತಿರುವ ಸಾಧ್ಯತೆ ಹೆಚ್ಚು. ಬಳಿಕ ಜೀಪಿನ ಕೆಳಗೆ ಮಲಗಿ, ಸ್ಪ್ರಿಂಗ್ ಪಟ್ಟಿಗಳು ಚಾಸಿಗೆ ಸೇರುವ ಜಾಗದಲ್ಲಿ ತುಕ್ಕು, ಬಿರುಕು, ಹೊಸ ವೆಲ್ಡಿಂಗ್ ಇವೆಯೇ ಎಂದು ಟಾರ್ಚ್ ಹಿಡಿದು ನೋಡಿರಿ. ಬಟ್ಟೆ ಕೊಳೆಯಾಗುವುದಕ್ಕೆ ಅಂಜುವವರು ಇಂಥ ವಾಹನ ಕೊಳ್ಳದಿರುವುದೇ ಲೇಸು.

ನಾಲ್ಕು ಚಕ್ರಗಳ ಚಾಲನೆಯನ್ನು ಡಾಂಬರು ರಸ್ತೆಯಲ್ಲಿ ಪರೀಕ್ಷಿಸಬಾರದು. ಮುಂದಿನ ಮತ್ತು ಹಿಂದಿನ ಚಕ್ರಗಳ ವೇಗದ ವ್ಯತ್ಯಾಸವನ್ನು ಹೊಂದಿಸುವ ನಡುವಿನ ಡಿಫರೆನ್ಷಿಯಲ್ ಇದರಲ್ಲಿ ಇಲ್ಲದ ಕಾರಣ, ತಿರುವಿನಲ್ಲಿ ಗೇರುಗಳು ಬಿಗಿದುಕೊಳ್ಳುತ್ತವೆ. ನಂದಿಬೆಟ್ಟದ ತಪ್ಪಲಿನ ಸಡಿಲ ಮಣ್ಣಿನ ದಾರಿ ಇದಕ್ಕೆ ತಕ್ಕದ್ದು.

ವ್ಯವಹಾರ ಕುದುರಿದರೆ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಪಡೆದ ನಂತರವೇ ಪೂರ್ತಿ ಹಣ ಕೊಡಿ.