ಟರ್ಮಿನಲ್‌ನಲ್ಲಿ ಪಿಂಗ್ ಸರಿ, ಬ್ರೌಸರ್‌ನಲ್ಲಿ ಎಲ್ಲಾ ಡೌನ್?

ಮೊನ್ನೆ ಹಿಂಜವಡಿಯಲ್ಲಿ ಮಳೆಗೆ ಆಫೀಸಲ್ಲೇ ಸಿಕ್ಕಿಹಾಕಿಕೊಂಡಾಗ ಬಗೆಹರಿದ ವಿಷಯ, ಪುಣೆಯ ನಮ್ಮ ಗುಂಪಿನವರಿಗೂ ಇರಲಿ. ಹೋಸ್ಟ್‌ಗಳು, ಅಂದರೆ ನೆಟ್‌ವರ್ಕ್‌ನ ಯಂತ್ರಗಳು, ಉತ್ತರ ಕೊಡ್ತಾವಾ ಅಂತ ಪಿಂಗ್ ಕಮಾಂಡ್‌ನಿಂದ ಕೇಳಿ ನೋಡುವ ಪೈಥಾನ್ ಸ್ಕ್ರಿಪ್ಟ್, ನಾನು ಕೈಯಾರೆ ಓಡಿಸಿದರೆ ಎಲ್ಲಾ ಹಸಿರು, ಅಪಾಚೆ ವೆಬ್ ಸರ್ವರ್ ಮೂಲಕ ಬ್ರೌಸರ್‌ನಲ್ಲಿ ತೆರೆದರೆ ಎಲ್ಲಾ ಕೆಂಪು. ಎರಡು ಗಂಟೆ ಸುಮ್ನೆ ನೆಟ್‌ವರ್ಕ್‌ನವರನ್ನು ಬೈದೆ.

ತಪ್ಪು ನನ್ನದೇ. ಪಿಂಗ್ ಮುಗಿದಾಗ ಒಂದು ಸಂಖ್ಯೆ ಕೊಡುತ್ತದೆ: ಉತ್ತರ ಬಂದರೆ 0, ಬಾರದಿದ್ದರೆ 1, ಬೇರೆ ತೊಂದರೆ ಇದ್ದರೆ 2. ನಾನು 0 ಅಲ್ಲದ್ದನ್ನೆಲ್ಲ ಡೌನ್ ಅಂತ ಬರೆದಿದ್ದೆ, ಅದರ ಮೇಲೆ ಪಿಂಗ್ ಕೊಟ್ಟ ಎರರ್ ಸಾಲನ್ನೂ ಓದದೆ ಬಿಸಾಕಿದ್ದೆ. ಅದನ್ನು ಲಾಗ್‌ಗೆ ಹಾಕಿದ ಕೂಡಲೇ ಕಂಡಿತು: ಆಪರೇಶನ್ ನಾಟ್ ಪರ್ಮಿಟೆಡ್. ವೆಬ್ ಸರ್ವರ್‌ನ ಯೂಸರ್‌ಗೆ ಪಿಂಗ್ ಮಾಡುವ ಅನುಮತಿಯೇ ಇಲ್ಲ!

ಹಾಗಾಗಿ ಮೊದಲು ಸುಡೋ (ಬೇರೆ ಯೂಸರ್ ಆಗಿ ಓಡಿಸುವ ಕಮಾಂಡ್) ಹಾಕಿ ವೆಬ್ ಸರ್ವರ್‌ನ ಯೂಸರ್ ಆಗಿ ಸ್ಕ್ರಿಪ್ಟ್ ಓಡಿಸಿ ನೋಡಿ. ಸ್ಕ್ರಿಪ್ಟ್‌ನಲ್ಲಿ ಪಿಂಗ್‌ನ ಪೂರ್ತಿ ಪಾತ್ (ಫೈಲ್ ಇರುವ ಜಾಗ) ಕೊಡಿ. ಎಷ್ಟು ಸಲ ಪಿಂಗ್ ಮಾಡಬೇಕು ಅಂತಲೂ ಹೇಳಿ, ಇಲ್ಲದಿದ್ದರೆ ಲಿನಕ್ಸ್‌ನಲ್ಲಿ ಅದು ನಿಲ್ಲೋದೇ ಇಲ್ಲ, ಪೇಜ್ ತಿರುಗುತ್ತಾ ಕೂರುತ್ತದೆ. ಇನ್ನೊಂದು, ಎಷ್ಟೋ ಫೈರ್‌ವಾಲ್‌ಗಳು ಪಿಂಗ್ ತಡೆಯುತ್ತವೆ ಅಲ್ವಾ, ಹಾಗಾಗಿ ವೆಬ್‌ಸೈಟ್ ಆದರೆ ನಾನೀಗ 443 ಪೋರ್ಟ್‌ಗೆ (ಎಚ್‌ಟಿಟಿಪಿಎಸ್‌ನ ಬಾಗಿಲು) 2 ಸೆಕೆಂಡ್ ಟೈಮ್‌ಔಟ್ ಇಟ್ಟು ಕನೆಕ್ಟ್ ಮಾಡಿ ನೋಡುತ್ತೇನೆ.