ಫೋನಿನಲ್ಲಿ ರೋಗಿ ಯಾರು: ಯಾದಗಿರಿಯಲ್ಲಿ ನಾನು ರೂಢಿಸಿಕೊಂಡ ಕ್ರಮ

ಕೇಂದ್ರ ಆರೋಗ್ಯ ಸಚಿವಾಲಯ 2020ರ ಮಾರ್ಚ್ 25ರಂದು ಹೊರಡಿಸಿದ ಟೆಲಿಮೆಡಿಸಿನ್ (ಫೋನ್, ವಿಡಿಯೊ ಮೂಲಕ ದೂರದಿಂದ ಚಿಕಿತ್ಸೆ) ಮಾರ್ಗಸೂಚಿಯಲ್ಲಿ ವೈದ್ಯರ ಗಮನ ಮೊದಲು ಹೋಗುವುದು ಔಷಧಗಳ ಪಟ್ಟಿಯ ಕಡೆಗೆ. ಯಾದಗಿರಿಯಲ್ಲಿ ಕ್ಲಿನಿಕ್ ನಡೆಸುವ ನನಗೆ ಅದಕ್ಕಿಂತ ಹೆಚ್ಚು ಒದಗಿಬಂದದ್ದು ರೋಗಿಯ ಗುರುತು ಮತ್ತು ಒಪ್ಪಿಗೆಯ ಭಾಗ. ನಮ್ಮಲ್ಲಿ ಗುಳೆ ಹೋಗುವ ಕುಟುಂಬಗಳು ಬಹಳ. ಕಾಯಿಲೆ ಊರಲ್ಲಿರುವ ತಾಯಿಗೆ, ಕರೆ ಬರುವುದು ಬೆಂಗಳೂರಿನಲ್ಲಿ ಕಟ್ಟಡ ಕೆಲಸಕ್ಕಿರುವ ಮಗನಿಂದ. "ಅವ್ವಗ ತೆಲಿ ತಿರಗಲಕತ್ತದ್ರಿ, ಒಂದು ಗುಳಿಗಿ ಬರ್ದು ಕಳಸ್ರಿ" ಎನ್ನುತ್ತಾನೆ.

ರೋಗಿ ಜೊತೆಯಲ್ಲಿಲ್ಲದಾಗ ಆರೈಕೆ ಮಾಡುವವರೊಡನೆ ಸಮಾಲೋಚನೆ ನಡೆಸಬೇಕಾದರೆ ರೋಗಿ ಹದಿನಾರು ವರ್ಷ ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಾಗಿರಬೇಕು ಅಥವಾ ಹೇಳಿಕೊಳ್ಳಲಾರದ ಸ್ಥಿತಿಯಲ್ಲಿರಬೇಕು. ಇಲ್ಲವೇ ಆರೈಕೆ ಮಾಡುವವರಿಗೆ ವಿಧಿವತ್ತಾದ ಅಧಿಕಾರವೋ ರೋಗಿಯೊಡನೆ ಸಂಬಂಧ ತೋರಿಸುವ ಪರಿಶೀಲಿತ ದಾಖಲೆಯೋ ಇರಬೇಕು, ಅಥವಾ ಹಿಂದಿನ ಮುಖತಃ ಭೇಟಿಯಲ್ಲಿ ರೋಗಿಯೇ ಅವರನ್ನು ದೃಢಪಡಿಸಿರಬೇಕು. ಆದ್ದರಿಂದ ನಾನು ಆಶಾ ಕಾರ್ಯಕರ್ತೆಯ ಅಥವಾ ನೆರೆಮನೆಯವರ ಫೋನಿನ ಮೂಲಕ ತಾಯಿಯನ್ನೂ ಅದೇ ಕರೆಗೆ ಸೇರಿಸಿಕೊಂಡು, ನನ್ನ ಹೆಸರು ಮತ್ತು ವಿದ್ಯಾರ್ಹತೆ ಹೇಳಿ, ಆಕೆಯ ಹೆಸರು, ವಯಸ್ಸು, ಊರು ಕೇಳುತ್ತೇನೆ. ರೋಗಿಯೇ ಕರೆ ಮಾಡಿದರೆ ಒಪ್ಪಿಗೆ ಇದೆಯೆಂದೇ ಭಾವಿಸಬಹುದು. ಮಗನೋ ಆರೋಗ್ಯ ಕಾರ್ಯಕರ್ತೆಯೋ ಕರೆ ಮಾಡಿದಾಗ ಸ್ಪಷ್ಟ ಒಪ್ಪಿಗೆ ಬೇಕು. ಆಕೆ "ಹೂಂ ರೀ, ಫೋನಿನಾಗೇ ಹೇಳ್ರಿ" ಎಂದದ್ದನ್ನು ಹಾಗೆಯೇ ದಾಖಲೆಯಲ್ಲಿ ಬರೆದಿಡುತ್ತೇನೆ. ಮಗನ ಕಾಳಜಿ ನಿಜವಾದದ್ದೇ. ಆದರೆ ತಲೆಸುತ್ತು ಎದ್ದು ನಿಂತಾಗ ಬರುತ್ತದೆಯೇ, ಮಲಗಿದ್ದಾಗಲೂ ಇದೆಯೇ ಎಂಬುದಕ್ಕೆ ಆಕೆಯೇ ಉತ್ತರಿಸಬೇಕು.

ಔಷಧದ ವಿಷಯದಲ್ಲಿ ನಿಯಮ ನೇರವಾಗಿದೆ. ಮಾರ್ಗಸೂಚಿಯ ಎ ಪಟ್ಟಿಯ, ಅಂದರೆ ಸಾಕಷ್ಟು ಸುರಕ್ಷಿತವಾದ ಮತ್ತು ದುರ್ಬಳಕೆಯ ಸಾಧ್ಯತೆ ಕಡಿಮೆಯಿರುವ ಔಷಧವನ್ನು ಮೊದಲ ಸಮಾಲೋಚನೆಯಲ್ಲಿ ಬರೆಯಲು ವಿಡಿಯೊ ಬೇಕು. ನೆಟ್‌ವರ್ಕ್ ಸಿಗದ ತಾಂಡಾಗಳಲ್ಲಿ ಇದು ಕಷ್ಟ. ಆಗ ಬರಹೇಳುತ್ತೇನೆ, ಅಥವಾ ಬಿಪಿ ನೋಡಬಲ್ಲ ಸಮುದಾಯ ಆರೋಗ್ಯ ಅಧಿಕಾರಿ ಪಕ್ಕದಲ್ಲಿದ್ದು ಸರ್ಕಾರದ ಟೆಲಿಮೆಡಿಸಿನ್ ಸೇವೆಯಾದ ಇ-ಸಂಜೀವನಿ ಮೂಲಕ ವೈದ್ಯರನ್ನು ಕಾಣಿಸುವ ಉಪಕೇಂದ್ರಕ್ಕೆ ಕಳಿಸುತ್ತೇನೆ. ಅಂಥ ವ್ಯವಸ್ಥೆ ಬರಿಯ ಫೋನ್ ಕರೆಗಿಂತ ಎಷ್ಟೋ ಮೇಲು. ನಾನೇ ಕ್ಲಿನಿಕ್ಕಿನಲ್ಲಿ ನೋಡಿ ಬರೆದ ಬಿಪಿ ಗುಳಿಗೆ ಮುಗಿದಿದೆಯೆಂದರೆ ಆರು ತಿಂಗಳೊಳಗೆ ಫೋನಿನಲ್ಲೇ ಮತ್ತೆ ಬರೆಯಬಹುದು. ಮಂಡಿನೋವಿಗೆ ಟ್ರಮಡಾಲ್ ಎಂಬ ನೋವಿನ ಗುಳಿಗೆ ಕೇಳಿದರೆ ಮಾತ್ರ ಬರೆಯುವುದಿಲ್ಲ. 2018ರಿಂದ ಅದು ಮಾದಕ ವಸ್ತುಗಳನ್ನು ನಿಯಂತ್ರಿಸುವ ಎನ್‌ಡಿಪಿಎಸ್ ಕಾಯ್ದೆಯ ವ್ಯಾಪ್ತಿಯಲ್ಲಿದೆ, ಅಂಥವನ್ನು ಟೆಲಿಮೆಡಿಸಿನ್‌ನಲ್ಲಿ ಬರೆಯುವುದನ್ನು ಮಾರ್ಗಸೂಚಿ ನಿಷೇಧಿಸಿದೆ. ಕಾರಣ ತಿಳಿಸಿದರೆ ಜನ ಒಪ್ಪುತ್ತಾರೆ.

ನನ್ನ ವೈದ್ಯಕೀಯ ನೋಂದಣಿ ಸಂಖ್ಯೆಯಿರುವ ಔಷಧ ಚೀಟಿಯನ್ನು ತಾಯಿಯ ಕೈಸೇರುವಂತೆ ಕಳಿಸುತ್ತೇನೆ. ನೇರವಾಗಿ ಮೆಡಿಕಲ್‌ಗೆ ಕಳಿಸಬೇಕಿದ್ದರೆ ಯಾವ ಅಂಗಡಿ ಎಂಬುದನ್ನು ಆಕೆಯೇ ಹೇಳಬೇಕು, ಅದಕ್ಕೂ ಒಪ್ಪಿಗೆ ಬೇಕು.